ತೋಳವೂ ಕುರಿಗಾಹಿಯೂ

ಪ್ರತಿವರ್ಷವೂ ಅಕ್ಟೋಬರ್ 2ನೆಯ ತಾರೀಖಿನಿಂದ 8ರವರೆಗೆ ನಮ್ಮ ದೇಶದಲ್ಲಿ ವನ್ಯಜೀವಿ ಸಪ್ತಾಹವೆಂಬುದು ನಡೆಯುತ್ತದೆ. ಶಾಲೆಯ ಮಕ್ಕಳು ಹುಲಿಯ ಚಿತ್ರ ಬರೆಯುತ್ತಾರೆ; ಅಧಿಕಾರಿಗಳು ಭಾಷಣ ಮಾಡುತ್ತಾರೆ; ಹಾರ ತುರಾಯಿಗಳು ವಿನಿಯೋಗವಾಗುತ್ತವೆ. ಇದನ್ನು ಹಾಸ್ಯಮಾಡುವ ಉದ್ದೇಶ ನಮಗಿಲ್ಲ. ಮಗುವಿನ ಕೈಯಲ್ಲಿ ಮೂಡಿದ ಹುಲಿಯ ಪಟ್ಟೆಯೂ ಒಂದು ಬಗೆಯ ಪ್ರಚಾರವೇ ಸರಿ. ಆದರೆ ಒಂಬತ್ತನೆಯ ತಾರೀಖು ಬೆಳಗಾದೊಡನೆ ಆ ಭಕ್ತಿಯೆಲ್ಲ ಎಲ್ಲಿ ಅಡಗುತ್ತದೆಂಬುದೇ ನಮ್ಮ ಪ್ರಶ್ನೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮಹಾಜನರನ್ನು ಮುಖ್ಯವಾಗಿ ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಕಬ್ಬು ಬತ್ತಗಳ ಸೀಮೆಯಲ್ಲಿ ಕಾಡುಜೀವಿಗಳಿಗೇನು ಕೆಲಸವೆಂದು ಹೊರಗಿನವರು ಕೇಳಬಹುದು, ನಮ್ಮವರೂ ಕೇಳುವುದುಂಟು. 17ನೆಯ ಶತಮಾನದಲ್ಲಿ ಮೈಸೂರು ಅರಸರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಶ್ರೀರಂಗಪಟ್ಟಣದ ಬಳಿ ನದಿಯ ನಡುವೆ ಕೆಲವು ತಿಟ್ಟುಗಳು ಉಂಟಾದುವು. ಅದು ನೀರಾವರಿಗಾಗಿ ಕಟ್ಟಿದ ಕಟ್ಟೆ. ಹಕ್ಕಿಗಳನ್ನು ಆಗ ಯಾರೂ ನೆನೆದಿರಲಾರರು. ಅವು ತಾವಾಗಿಯೇ ಬಂದು ಗೂಡು ಕಟ್ಟಿದುವು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆಂದು ಬಂದ ಸಲೀಂ ಅಲಿಯವರು ಈ ತಿಟ್ಟುಗಳನ್ನು ಕಂಡು, ಇವುಗಳಿಗೆ ರಕ್ಷಣೆ ಕೊಡಬೇಕೆಂದು ಅರಸರಿಗೆ ಹೇಳಿ ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅದರ ವಿಸ್ತಾರ ಒಂದು ಚದರ ಕಿಲೋಮೀಟರಿಗೂ ಕಡಮೆ. ಆದರೂ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಜೌಗುಪ್ರದೇಶಗಳ ಒಡಂಬಡಿಕೆಯ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ ಸ್ಥಳ ಇದೇ. ಅದು ಆದದ್ದು 2022ರಲ್ಲಿ. ಒಬ್ಬ ಮನುಷ್ಯನು ಸಕಾಲದಲ್ಲಿ ಸರಿಯಾದ ಕಡೆ ಆಡಿದ ಮಾತಿಗೆ ಎಂಬತ್ತು ವರ್ಷಕ್ಕೂ ಮೀರಿದ ಫಲ ದೊರೆತಿರುವುದನ್ನು ನೋಡಬೇಕಾದರೆ ದೋಣಿಯಲ್ಲಿ ಅರ್ಧಗಂಟೆ ಕುಳಿತರೆ ಸಾಕು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕುರುಚಲು ಗುಡ್ಡಗಳಲ್ಲಿ ಮುಖ್ಯವಾಗಿ ತೋಳದ ರಕ್ಷಣೆಗೆಂದೇ 1974ರಲ್ಲಿ ಸುಮಾರು 50 ಚದರ ಕಿಲೋಮೀಟರು ವಿಸ್ತಾರದ ವನ್ಯಧಾಮ ಏರ್ಪಟ್ಟಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಗಳಿಗೆ 1981ರಿಂದ ಧಾಮವಿದೆ. ಕೃಷ್ಣರಾಜಪೇಟೆಯ ಕಡೆ ಹೇಮಾವತಿಯು ಕನ್ನಂಬಾಡಿಯ ಹಿನ್ನೀರನ್ನು ಸೇರುವಲ್ಲಿ, ನೀರು ಇಳಿದ ಕಾಲದಲ್ಲಿ, ಹಕ್ಕಿಗಳ ಸಂತೆಯೇ ನೆರೆಯುತ್ತದೆ. ಇಷ್ಟು ಐಶ್ವರ್ಯವಿರುವವರು ತಮ್ಮನ್ನು ಬಡವರೆಂದುಕೊಳ್ಳಬೇಕಾದುದಿಲ್ಲ.

ಐಶ್ವರ್ಯವೇನೋ ಎಲ್ಲರದು. ಅದರ ಕಂದಾಯ ಕಟ್ಟುವವರು ಯಾರು? ಪ್ರಕೃತ ನಾವು ಹೇಳಬೇಕೆಂದಿರುವ ವಿಷಯ ಇದು. ಮೇಲುಕೋಟೆಯ ತಪ್ಪಲಿನ ಕುರಿಗಾಹಿಯ ಮಂದೆಗೆ ಇರುಳಲ್ಲಿ ತೋಳವೋ ಚಿರತೆಯೋ ನುಗ್ಗಿದರೆ, ಬೆಳಗ್ಗೆ ಆತನಿಗೆ ಉಳಿಯುವುದು ನಾಲ್ಕು ಹರಿದ ಮೈಗಳು. ಈಚೆಗೆ ತೋಳಕ್ಕಿಂತ ಚಿರತೆಯ ಸುದ್ದಿಯೇ ಹೆಚ್ಚು. ಕಬ್ಬಿನ ಗದ್ದೆ ಅದಕ್ಕೆ ಕಾಡಿನಷ್ಟೇ ಒಳ್ಳೆಯ ಮರೆ. 2022ರಲ್ಲಿ ಬೃಂದಾವನ ಉದ್ಯಾನಕ್ಕೇ ಚಿರತೆ ಬಂದು ಪ್ರವಾಸಿಗಳಿಗೆ ಬಾಗಿಲು ಮುಚ್ಚಬೇಕಾಯಿತು. ಪಟ್ಟಣದವರು ಚಿರತೆಯ ಪಟವನ್ನು ಮೊಬೈಲಿನಲ್ಲಿ ನೋಡಿ ಮೆಚ್ಚುತ್ತಾರೆ. ಕುರಿ ಕಳೆದುಕೊಂಡವನು ಪಶುವೈದ್ಯರ ಸರ್ಟಿಫಿಕೇಟು, ಮಹಜರು, ಪಹಣಿ, ಬ್ಯಾಂಕಿನ ಪುಸ್ತಕ ಇವುಗಳನ್ನು ಹಿಡಿದು ಕಛೇರಿಯಿಂದ ಕಛೇರಿಗೆ ಅಲೆಯುತ್ತಾನೆ. ಪಹಣಿಯಲ್ಲಿ ಹೆಸರೇ ಇಲ್ಲದ ಅಲೆಮಾರಿ ಕುರಿಗಾಹಿಯ ಪಾಡನ್ನು ಹೇಳತಕ್ಕದ್ದಿಲ್ಲ. ಅಲೆದು ಬೇಸತ್ತವನು ಒಂದು ದಿನ ಬೈಸಿಕಲ್ಲಿನ ಬ್ರೇಕುತಂತಿಯನ್ನು ಬೇಲಿಯ ಕಂಡಿಯಲ್ಲಿ ಉರುಳು ಮಾಡಿ ಕಟ್ಟಿದರೆ ಅಪರಾಧ ಆತನದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಶಿಕ್ಷೆಯೂ ಆಗತಕ್ಕದ್ದೇ. ನಾವು ಉರುಳನ್ನು ಸಮರ್ಥಿಸುವವರಲ್ಲ. ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ ಸಿಕ್ಕಿ ಸೊಂಟ ಕೊಯ್ದುಕೊಂಡು ಸಾಯುವ ಸಾವು ಯಾವ ಪ್ರಾಣಿಗೂ ಬೇಡ. ಆದರೆ ಆ ತಂತಿಯ ಒಂದು ತುದಿ ರೈತನ ಕೈಯಲ್ಲಿದ್ದರೆ ಇನ್ನೊಂದು ತುದಿ, ಅರ್ಜಿಯನ್ನು ಮೇಜಿನ ಕೆಳಗಿಟ್ಟುಕೊಂಡು ತಿಂಗಳುಗಟ್ಟಲೆ ಕುಳಿತ ಕಛೇರಿಯಲ್ಲಿ ಇದೆಯೆಂಬುದನ್ನು ಮರೆಯುವಂತಿಲ್ಲ.

ಲೋಕದ ದೊಡ್ಡ ವ್ಯವಹಾರದಲ್ಲಿಯೂ ಇದೇ ಕಥೆ. ಹವೆಯನ್ನು ಕೆಡಿಸುವ ಇಂಗಾಲದ ಅನಿಲವನ್ನು ಅಮೆರಿಕದವನೊಬ್ಬನು ವರ್ಷಕ್ಕೆ ಸರಾಸರಿ ಸುಮಾರು 14 ಟನ್ನಿನಷ್ಟು ಹೊರಗೆ ಬಿಟ್ಟರೆ ನಮ್ಮವನು ಬಿಡುವುದು ಸುಮಾರು 2 ಟನ್. ಬರ ಬಂದಾಗ ಬಾಯಿ ಒಣಗುವುದು ಮಾತ್ರ ಎರಡು ಟನ್ನಿನವನದೇ. 2023ರಲ್ಲಿ ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರದವರು ಸಾರಿದರು. 2024ರ ಜುಲೈ ತಿಂಗಳಲ್ಲಿ ಕನ್ನಂಬಾಡಿ ತುಂಬಿ ಹರಿಯಿತು. ತುಂಬಿದ ಜಲಾಶಯದಿಂದ ದೊಡ್ಡ ಪ್ರವಾಹ ಬಿಟ್ಟಾಗ ರಂಗನತಿಟ್ಟಿನ ತಗ್ಗಿನ ಗೂಡುಗಳು ಮುಳುಗುತ್ತವೆ. 2022ರ ನವೆಂಬರಿನಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್ ನಗರದಲ್ಲಿ ಕೂಡಿದ ರಾಷ್ಟ್ರಗಳು, ಹವೆಯ ವೈಪರೀತ್ಯದಿಂದ ಹಾನಿಗೊಂಡ ಬಡದೇಶಗಳಿಗೆ ನೆರವಾಗಲು ಒಂದು ನಿಧಿಯನ್ನು ಏರ್ಪಡಿಸಲು ಒಪ್ಪಿದುವು. ಬಹುವರ್ಷಗಳ ಬೇಡಿಕೆಯಿಂದ ದೊರೆತದ್ದು ಅಷ್ಟು. ಬಲ್ಲಿದರು ಮಾಡಿದ ಸಾಲವನ್ನು ಬಡವರು ತೀರಿಸಬಾರದೆಂದು ನಾವು ಲೋಕದ ಸಭೆಯಲ್ಲಿ ವಾದಿಸುತ್ತೇವೆ. ಆ ವಾದ ನ್ಯಾಯವಾದುದೇ. ಅದೇ ನಾಲಗೆಯಿಂದ ಮೇಲುಕೋಟೆಯ ಕುರಿಗಾಹಿಗೆ, 'ತೋಳ ದೇಶದ ಸೊತ್ತು, ನಷ್ಟ ನಿನ್ನದು' ಎಂದು ಹೇಳುವುದು ಹೇಗೆ?

ಹಕ್ಕಿಗಳಿಗೆ ಈ ಗಡಿಗಳ ಗೊಡವೆಯಿಲ್ಲ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಕರ್ನಾಟಕದ ಕೆರೆಗಳಿಗೆ ಬಂದಿಳಿದುದನ್ನು ಬಲ್ಲವರು ಕಂಡು ಗುರುತಿಸಿದ್ದಾರೆ. ವಲಸೆ ಪ್ರಾಣಿಗಳನ್ನು ಕುರಿತ 1979ರ ಬಾನ್ ಒಡಂಬಡಿಕೆಯ ಸದಸ್ಯ ರಾಷ್ಟ್ರಗಳ ಸಮ್ಮೇಳನ 2020ರಲ್ಲಿ ನಮ್ಮ ಗಾಂಧಿನಗರದಲ್ಲಿಯೇ ಸೇರಿತ್ತು. ಮಂಗೋಲಿಯದ ದನಗಾಹಿಯು ಬೇಸಗೆಯಲ್ಲಿ ಸುಮ್ಮನೆ ಬಿಟ್ಟ ಹಕ್ಕಿಯನ್ನು ನಾವು ಚಳಿಗಾಲದಲ್ಲಿ ಕೆರೆಯ ಕೋಡಿಯಲ್ಲಿ ಹೊಡೆದರೆ ಆತನಿಗೆ ಕೊಡುವ ಜವಾಬು ಯಾವುದು?

ದಾರಿ ಇಲ್ಲವೆನ್ನುವಂತಿಲ್ಲ. ನೆರೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆ ಮರಗಳಲ್ಲಿ, ಮನೆಗಳ ಮೇಲೆಯೇ, ಗೂಡು ಕಟ್ಟುತ್ತವೆ. ಹೊಲಸು ಬೀಳುತ್ತದೆ, ನಾತ ಹೊಡೆಯುತ್ತದೆ. ಹುಣಿಸೆ ಹಣ್ಣಿನ ವರಮಾನವೂ ಹೋಗುತ್ತದೆ. ಆದರೂ ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಮರದ ಒಡೆಯರಿಗೆ ಅರಣ್ಯ ಇಲಾಖೆಯವರು ಪರಿಹಾರ ಕೊಡುವ ಏರ್ಪಾಡನ್ನು ಮಾಡಿದರು. ಊರ ಯುವಕರು 'ಹೆಜ್ಜಾರ್ಲೆ ಬಳಗ'ವೆಂದು ಕೂಡಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ ಬಿಟ್ಟರು. ಪ್ರೀತಿ ಊರಿನದು, ಹಣ ಸರ್ಕಾರದ್ದು, ದುಡಿಮೆ ಯುವಕರದ್ದು. ಈ ಮೂರರಲ್ಲಿ ಹಣದ ಭಾಗವೊಂದು ತಡವಾದರೂ ಉಳಿದೆರಡು ಎಷ್ಟು ದಿನ ತಾಳುತ್ತವೆಂಬುದನ್ನು ಅಧಿಕಾರಿಗಳು ಯೋಚಿಸಬೇಕು.

ಇನ್ನು ನಿತ್ಯದ ಕೆಲಸದ ಮಾತು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ತನ್ನ ಸರಹದ್ದಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆಯ ಪುಸ್ತಕವನ್ನು ಜನರನ್ನು ಕೇಳಿ ಬರೆಯಬೇಕು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2020ರ ಜನವರಿ 31ರ ಗಡುವು ಕೊಟ್ಟಮೇಲೆ ದೇಶದಲ್ಲೆಲ್ಲ ಪುಸ್ತಕಗಳು ಅವಸರದಿಂದ ತಯಾರಾದುವು. ಗಡುವಿಗೆ ಹೆದರಿ ಬರೆದ ಪುಸ್ತಕದ ಗುಣ ಎಂಥದೆಂದು ಶಾಲೆಗೆ ಹೋದವರಿಗೆಲ್ಲ ಗೊತ್ತು. ನಮ್ಮ ವಾಚಕರಲ್ಲಿ ಎಷ್ಟು ಮಂದಿ ತಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕವನ್ನು ತೋರಿಸಿರೆಂದು ಕೇಳಿದ್ದಾರೆ? ತೋರಿಸದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯುಂಟು. ಹತ್ತು ರೂಪಾಯಿ ಶುಲ್ಕದ ಕೆಲಸ. ಹೊಳೆಯಲ್ಲಿ ಮದ್ದು ಸಿಡಿಸಿ ಮೀನು ಹಿಡಿಯುವುದನ್ನು ಕಂಡವರು ಠಾಣೆಗೆ ಬರೆದುಕೊಡಲಿ. ಅಂಗಡಿಯಲ್ಲಿ ಉಡದ ಎಣ್ಣೆ, ನವಿಲಿನ ಎಣ್ಣೆಯೆಂದು ಮಾರುವವನಿಂದ ಕೊಳ್ಳದೆ ಬರಲಿ. ಸಣ್ಣ ಕೆಲಸಗಳೆಂದು ನಗಬಾರದು. 1938ರಲ್ಲಿ ಶಿವಪುರದಲ್ಲಿ ಧ್ವಜವೇರಿಸಿದ್ದು ಒಂದು ದಿನದ ಕೆಲಸ. ಅದಕ್ಕೆ ಮುಂಚೆ ಮನೆಮನೆಗೆ ಹೋಗಿ ಜನರನ್ನು ಸೇರಿಸಿದವರ ಕಾಲಿನ ಧೂಳನ್ನು ಯಾರೂ ಲೆಕ್ಕವಿಟ್ಟಿಲ್ಲ.

ಬೇಬಿಬೆಟ್ಟದ ಉದಾಹರಣೆ ಕಣ್ಣೆದುರಿಗಿದೆ. ಅಲ್ಲಿಯ ಕಲ್ಲುಗಣಿಗಳ ಸಿಡಿತದ ವಿಷಯದಲ್ಲಿ ವರ್ಷಗಳ ಕಾಲ ದೂರುಗಳು ಹೋದುವು, ಸಭೆಗಳು ಸೇರಿದುವು. ಕೊನೆಗೆ 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಕನ್ನಂಬಾಡಿಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಿತು. ಅದು ಅಣೆಕಟ್ಟಿನ ಕ್ಷೇಮಕ್ಕಾಗಿ ಆದ ಆಜ್ಞೆ. ಗುಡ್ಡದ ಚಿರತೆಗೂ ನವಿಲಿಗೂ ಅದರ ಪ್ರಯೋಜನ ಪುಕ್ಕಟೆಯಾಗಿ ಬಂದಿತು. ಗಣಿಯಲ್ಲಿ ಕೂಲಿ ಮಾಡುತ್ತಿದ್ದವರ ಹೊಟ್ಟೆಯ ಪಾಡನ್ನು ಆಗ ಎತ್ತಿದವರು ಕಡಮೆ. ಪ್ರಾಣಿಗಳ ಪರವಾಗಿ ಮಾತನಾಡುವವರೇ ಅದನ್ನೂ ಎತ್ತಬೇಕಾಗಿತ್ತು.

ಆದುದರಿಂದ ಅರಣ್ಯ ಇಲಾಖೆಯವರಲ್ಲಿ ನಮ್ಮ ಅರಿಕೆ ಒಂದೇ. ನಾಲ್ಕು ತಾಲ್ಲೂಕುಗಳಲ್ಲಿಯೂ ವಲಯದ ಕಛೇರಿಯ ಬಾಗಿಲಿನಲ್ಲಿ ಪ್ರತಿ ತಿಂಗಳ ಮೊದಲನೆಯ ದಿನ ಒಂದು ಹಾಳೆ ಅಂಟಿಸಲಿ: ಕುರಿ, ದನ, ಬೆಳೆಗಳ ನಷ್ಟಕ್ಕೆ ಬಂದ ಅರ್ಜಿಗಳೆಷ್ಟು, ಹಣ ಸಂದಾಯವಾದುವು ಎಷ್ಟು, ಬಾಕಿ ಎಷ್ಟು, ಅತ್ಯಂತ ಹಳೆಯ ಬಾಕಿ ಯಾವ ತಾರೀಖಿನದು. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ಗುಮಾಸ್ತರೊಬ್ಬರ ಅರ್ಧ ದಿನ ಸಾಕು. ವಾಚಕರು ಆ ಹಾಳೆಯನ್ನು ನೋಡಿಬಂದು ನಮಗೆ ಒಂದು ಕಾರ್ಡು ಬರೆದರೆ ಪ್ರಕಟಿಸುತ್ತೇವೆ. ಹಾಳೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಲಿ, ಅದನ್ನೂ ಪ್ರಕಟಿಸುತ್ತೇವೆ.