ಮರಾಕೇಶಿನ ಬೂದಿ, ನಮ್ಮೂರ ಭಟ್ಟಿ

ಫೈನಲ್ ಇಯರ್‌ಗೆ ಬಂದ ಮೇಲೆ ನಮ್ಮ ಗುಂಪಿನಲ್ಲಿ ಮುಗಿಯದ ಚರ್ಚೆ ಒಂದೇ: ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಮೊದಲ ಟ್ರೀಟ್ ಎಲ್ಲಿ? ಈ ಸೆಮಿಸ್ಟರ್‌ನ ಹುಚ್ಚು ಮೊರಾಕೊ ಊಟ. ರೀಲ್ಸ್‌ನಲ್ಲಿ ಯಾರೋ ಗೋಪುರದಂಥ ಮಣ್ಣಿನ ಮುಚ್ಚಳ ಎತ್ತುತ್ತಾರೆ, ಹಬೆ ಏಳುತ್ತೆ, "ಮಗಾ, ಫಸ್ಟ್ ಸಂಬಳ ಇಲ್ಲೇ ಖಾಲಿ" ಅಂತ ಒಬ್ಬ ಘೋಷಿಸುತ್ತಾನೆ. ಮಜಾ ಏನಂದ್ರೆ, ಈ ಮಾತೆಲ್ಲ ನಡೆಯೋದು ದಾವಣಗೆರೆಯ ಮಂಡಕ್ಕಿ ಅಂಗಡಿ ಮುಂದೆ ನಿಂತು, ಕೈಯಲ್ಲಿ ಖಾರ ಮಂಡಕ್ಕಿ ಪೊಟ್ಟಣ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಇಟ್ಟುಕೊಂಡು.

ಮೊರಾಕೊ ಊಟಕ್ಕೆ ನಮ್ಮ ತಕರಾರಿಲ್ಲ. ಅಲ್ಲಿನ ಊಟದಲ್ಲಿ ನಮಗೆ ಅಂದರೆ ಇಂಜಿನಿಯರಿಂಗ್ ಓದುವವರಿಗೆ ಹಿಡಿಸಬೇಕಾದದ್ದು ರೀಲ್ಸ್‌ನಲ್ಲಿ ಕಾಣೋ ಆ ಮುಚ್ಚಳದ ಪಾತ್ರೆ ತಾಜೀನ್ ಅಲ್ಲ, ತಾಂಜಿಯಾ. ಮರಾಕೇಶ್ ಊರಿನದು. ಹೂಜಿಯಂಥ ಉದ್ದನೆಯ ಮಣ್ಣಿನ ಗಡಿಗೆ. ಅದಕ್ಕೆ ಮಾಂಸ, ಬೆಳ್ಳುಳ್ಳಿ, ಜೀರಿಗೆ, ಉಪ್ಪಲ್ಲಿ ಹಾಕಿಟ್ಟ ನಿಂಬೆ ಎಲ್ಲ ತುಂಬಿ, ಬಾಯಿಗೆ ಕಾಗದ ಕಟ್ಟಿ, ಓಣಿಯ ಹಮಾಮಿಗೆ ಕೊಟ್ಟು ಬರುತ್ತಾರೆ. ಹಮಾಮು ಅಂದರೆ ಸಾರ್ವಜನಿಕ ಸ್ನಾನದ ಮನೆ. ಅದರ ನೀರು ಕಾಯಿಸೋ ಒಲೆಯ ಬಿಸಿ ಬೂದಿಯಲ್ಲಿ ಗಡಿಗೆ ಗಂಟೆಗಟ್ಟಲೆ ಕೂರುತ್ತೆ. ಪ್ರತ್ಯೇಕ ಉರಿ ಇಲ್ಲ. ಊರಿನವರು ಸ್ನಾನ ಮಾಡೋ ಬೆಂಕಿಯಲ್ಲೇ ಅಡುಗೆ. ಇದು ಹಿಂದಿನಿಂದಲೂ ಗಂಡಸರ, ಅದರಲ್ಲೂ ಕುಶಲಕರ್ಮಿಗಳ ಅಡುಗೆ. ರಜಾ ದಿನ ಗೆಳೆಯರೆಲ್ಲ ಸೇರಿ ತೋಟಕ್ಕೆ ಹೋಗುವಾಗ ಮಾಡಿಸಿಕೊಂಡು ಹೋಗೋದು. ಥರ್ಮಲ್ ಪೇಪರ್‌ನಲ್ಲಿ ಹತ್ತು ಮಾರ್ಕ್ಸಿಗೆ 'ವೇಸ್ಟ್ ಹೀಟ್ ರಿಕವರಿ' ಅಂತ ಬರೆದು ಬರುತ್ತೀವಲ್ಲ, ಅದೇ ಇದು.

ಈಗ ಕೈಯಲ್ಲಿರೋ ಪೊಟ್ಟಣಕ್ಕೆ ಬರೋಣ. ದಾವಣಗೆರೆ ಅಂದ ಕೂಡಲೇ ಹೊರಗಿನವರು ಬೆಣ್ಣೆದೋಸೆ ಅಂತಾರೆ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ನಾಟಕ ಥಿಯೇಟರಿನ ಹತ್ತಿರ ಅಂಗಡಿ ಇಟ್ಟರು, ಮೊದಲು ರಾಗಿ ದೋಸೆ ಇತ್ತು, ಅಕ್ಕಿ ದೋಸೆ ಆಮೇಲೆ ಬಂತು ಅನ್ನೋ ಕಥೆಯೂ ಎಲ್ಲರಿಗೂ ಗೊತ್ತು. ಆದರೆ ಆ ದೋಸೆ ಹಿಟ್ಟಿಗೂ ಬೀಳೋದು ಮಂಡಕ್ಕಿಯೇ. ದೋಸೆಗೆ ಹೆಸರು ಬಂತು, ಮಂಡಕ್ಕಿಗೆ ಹೊಗೆ ಬಂತು.

ಮಂಡಕ್ಕಿ ಆಗೋದು ಹೇಗೆ ಅಂತ ನಮ್ಮ ಕ್ಲಾಸಿನಲ್ಲಿ ಕೇಳಿ ನೋಡಿ. ಅರ್ಧ ಜನ "ಅಕ್ಕಿ ಹುರಿದರೆ ಆಗುತ್ತೆ" ಅಂತಾರೆ. ಮನೆಯ ಸೋನಾ ಮಸೂರಿ ಹುರಿದು ನೋಡಲಿ, ಕಪ್ಪಾಗುತ್ತೆ ಅಷ್ಟೇ. ಮೊದಲು ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಆಮೇಲೆ ಹೊಟ್ಟು ಬಿಡಿಸಬೇಕು. ಬೇಯುವಾಗ ಪಿಷ್ಟ ಅಂಟಾಗಿ ಕಾಳು ಗಟ್ಟಿಯಾಗುತ್ತೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಹದವಾಗಿ ಒಣಗಿಸಿ, 200 ಡಿಗ್ರಿ ದಾಟಿದ ಮರಳಿಗೆ ಸುರಿದರೆ ಒಳಗಿನ ತೇವ ಆವಿಯಾಗಿ ಕೆಲವೇ ಸೆಕೆಂಡಲ್ಲಿ ಕಾಳನ್ನು ಉಬ್ಬಿಸುತ್ತೆ. ತೇವ ಸ್ವಲ್ಪ ಹೆಚ್ಚು ಕಡಿಮೆಯಾದರೂ ಅರಳಲ್ಲ. ಭಟ್ಟಿಯವರು ಇದನ್ನು ಮೀಟರ್ ಇಲ್ಲದೆ, ಹಲ್ಲಲ್ಲಿ ಕಚ್ಚಿ, ಕೈಯಲ್ಲಿ ಹಿಡಿದು ನಿರ್ಧರಿಸುತ್ತಾರೆ. ಅದು ನಮ್ಮ ಲ್ಯಾಬಿನಲ್ಲಿ ಕಲಿಸದ ವಿದ್ಯೆ.

ಎರಡು ಸಲ ಬೆಂಕಿ ಬೇಕು ಅನ್ನೋದನ್ನು ಗಮನಿಸಿ: ಭತ್ತ ಬೇಯಿಸಲು ಒಮ್ಮೆ, ಹುರಿಯಲು ಇನ್ನೊಮ್ಮೆ. ಉರುವಲು ಭತ್ತದ ಹೊಟ್ಟು, ಸೌದೆ. ಇವು ದುಬಾರಿಯಾದಾಗ ಹಳೇ ಟಯರ್, ಚಪ್ಪಲಿ ಚೂರು, ಸಿಕ್ಕಿದ್ದೆಲ್ಲ. ಮಂಡಕ್ಕಿ ಭಟ್ಟಿ ಬಡಾವಣೆ ಕಡೆ ಹೋದವರಿಗೆ ಆ ವಾಸನೆ ಗೊತ್ತು. ಭಟ್ಟಿಗೂ ಮನೆಗೂ ಒಂದೇ ಗೋಡೆ. ಹೊಗೆ ಕುಡಿಯುವವರು ಮಂಡಕ್ಕಿ ಹುರಿಯೋರೂ, ಅವರ ಮಕ್ಕಳೂ. ಹತ್ತು ಇಪ್ಪತ್ತು ರೂಪಾಯಿಗೆ ನಮ್ಮ ಸಂಜೆ ಕಳೆಯುತ್ತೆ ಅಂದರೆ ಉಳಿದ ಲೆಕ್ಕ ಅವರ ಶ್ವಾಸಕೋಶದ ಖಾತೆಗೆ ಹೋಗುತ್ತಿದೆ.

"ಭಟ್ಟಿಗಳನ್ನ ಊರಾಚೆ ಎತ್ತಂಗಡಿ ಮಾಡಿ" ಅನ್ನೋದು ಸುಲಭದ ಮಾತು. ನಮಗೆ ಅದು ಒಪ್ಪಿಗೆಯಿಲ್ಲ. ಊರಾಚೆ ಹೋದರೆ ಹೊಗೆ ನಮ್ಮ ಕಣ್ಣಿಗೆ ಬೀಳಲ್ಲ, ಅವರ ಮೂಗಿಗೆ ಬಿದ್ದೇ ಬೀಳುತ್ತೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ದಾವಣಗೆರೆ ಹೆಸರು ಬಂದಾಗ, ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆಯೂ ಆ ಯೋಜನೆಯಲ್ಲಿತ್ತು. ಯೋಜನೆ ಸರ್ಕಾರದ್ದು, ಅದರ ಜಗಳ ಬೇರೆ. ನಮ್ಮ ಪಾಲಿನ ಪ್ರಶ್ನೆ ಬೇರೆ: ಇದೇ ಊರಲ್ಲಿ ಇಷ್ಟು ಇಂಜಿನಿಯರಿಂಗ್ ಕಾಲೇಜುಗಳು, ವರ್ಷಾ ವರ್ಷ ಇಷ್ಟು ಪ್ರಾಜೆಕ್ಟ್‌ಗಳು. ಲೈನ್ ಫಾಲೋವರ್ ರೋಬೋ ಎಷ್ಟು ಸಲ ಮಾಡ್ತೀವಿ ಕಣ್ರಪ್ಪಾ?

ಭಟ್ಟಿಯ ಹೊಗೆ ಜೊತೆ ಹೋಗೋ ಶಾಖದಲ್ಲಿ ಭತ್ತ ಬೇಯಿಸೋ ನೀರನ್ನ ಮುಂಚೆಯೇ ಕಾಯಿಸಬಹುದು, ತೇವದ ಅಕ್ಕಿ ಒಣಗಿಸಬಹುದು. ಹಮಾಮಿನ ಬೂದಿಯಲ್ಲಿ ತಾಂಜಿಯಾ ಇಟ್ಟ ಹಾಗೆ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೊಟ್ಟು. ಅದರ ಒಂದು ಕಿಲೋದಲ್ಲಿ 13ರಿಂದ 15 ಮೆಗಾಜೂಲ್ ಶಕ್ತಿಯಿದೆ. ಗಾಳಿ ಸರಿಯಾಗಿ ಹೊಕ್ಕರೆ, ಒಲೆಯ ಗೋಡೆಗೆ ಶಾಖ ತಡೆಯೋ ಪದರ ಕೊಟ್ಟರೆ ಉರುವಲು ಕಡಿಮೆ ಸಾಕು, ಟಯರಿನ ಆಸೆಯೂ ಕಡಿಮೆಯಾಗುತ್ತೆ. ಹೊಟ್ಟಿನ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಸಿವಿಲ್‌ನವರು ಅದನ್ನ ಕಾಂಕ್ರೀಟಿಗೆ ಸೇರಿಸಿ ನೋಡಲಿ. ಹರಿಹರ ತಾಲ್ಲೂಕಿನ ಭಾನುವಳ್ಳಿ ಕಡೆಯಿಂದ ಬರೋ ಗೆಳೆಯರಿಗಂತೂ ಭತ್ತ, ಹೊಟ್ಟು, ಮಿಲ್ಲು ಹೊಸದಲ್ಲ. ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಬರುತ್ತೋ ಇಲ್ಲವೋ ಅನ್ನೋ ಚಿಂತೆಯಲ್ಲೇ ಬೆಳೆದವರು ಅವರು. ಟೀಮಿಗೆ ಅಂಥವರೊಬ್ಬರು ಇರಲೇಬೇಕು.

ಒಂದು ಷರತ್ತು. ಹೊಸ ಮಾದರಿ ಒಲೆಯ ಬೆಲೆ ಭಟ್ಟಿಯವರ ಕೈಗೆಟುಕಬೇಕು. ಕೆಟ್ಟರೆ ಓಣಿಯ ವೆಲ್ಡಿಂಗ್ ಅಂಗಡಿಯಲ್ಲೇ ರಿಪೇರಿ ಆಗಬೇಕು. ಮಂಡಕ್ಕಿಯ ಗರಿಗರಿ ಒಂದಿಷ್ಟೂ ಕೆಡಬಾರದು. ಇದನ್ನ ಪರೀಕ್ಷಿಸೋಕೆ ಹೊರಗಿನಿಂದ ಎಕ್ಸಾಮಿನರ್ ಬೇಡ, ಅಲ್ಲಿ ಮೂವತ್ತು ವರ್ಷ ಮರಳು ತಿರುವಿದ ಚಾಚಾ ಒಬ್ಬರು ಸಾಕು. ಅವರು ಬಾಯಿಗೆ ಹಾಕಿಕೊಂಡು ತಲೆ ಆಡಿಸಿದರೆ ಪಾಸು.

ಸಿನಾಪ್ಸಿಸ್ ಕೊಡೋಕೆ ಇನ್ನೂ ಟೈಮಿದೆ. ಮೆಕ್ಯಾನಿಕಲ್, ಸಿವಿಲ್, ಕೆಮಿಕಲ್ ಮೂರೂ ಕಡೆಯವರು ಬೇಕು. ಆಸಕ್ತಿ ಇರೋರು ಕ್ಲಬ್ ರೂಮಿಗೆ ಬನ್ನಿ. ಮೊದಲ ಮೀಟಿಂಗಿನ ಮಂಡಕ್ಕಿ, ಮೆಣಸಿನಕಾಯಿ ಖರ್ಚು ನಮ್ಮದು.