ನಾಕು ಕೋಡಿನ ರೂಟರ್ ಮತ್ತ ನಮ್ಮ ಅಡಗಿಮನಿ

ಇವತ್ತು ಸ್ವಲ್ಪ ಸಿಟ್ಟಿಲೇನ ಬರೀಲಿಕ್ಕೆ ಕೂತೀನಿ, ತಪ್ಪು ತಿಳೀಬ್ಯಾಡ್ರಿ. ಮನಿಗೆ ವೈಫೈ ರೂಟರ್ ಯಾವುದು ತರಬೇಕು, ಎಲ್ಲೆ ಇಡಬೇಕು ಅನ್ನೋದನ್ನ ಇಡೀ ದಿನ ಮನ್ಯಾಗ ಇರೋರು ಠರಾಯಿಸಬೇಕು. ಮುಂಜಾನೆ ಹೋಗಿ ರಾತ್ರಿ ಬರೋರಲ್ಲ.

ನಮ್ದು ಧಾರವಾಡದ ಹಳೇ ಮನಿ. ಒಂದೂವರಿ ಫೂಟಿನ ಮಣ್ಣಿನ ಗ್ವಾಡಿ. ಮುಂದ ಪಡಸಾಲಿ, ಆಮ್ಯಾಲ ನಡುಮನಿ, ಹಿಂದ ಅಡಗಿಮನಿ. ಇಂಟರ್‌ನೆಟ್ ಹಚ್ಚೋ ಹುಡುಗ ಬಂದ, ಕಿಡಕಿಯಿಂದ ವೈರ್ ಒಳಗ ಎಳದ, ಕೈಗೆ ಸಮೀಪ ಸಿಕ್ಕ ಜಾಗಾದಾಗ, ಟಿವಿ ಹಿಂದ ಕಬ್ಬಿಣದ ತಿಜೋರಿ ಬಾಜೂಕ, ಡಬ್ಬಿ ಇಟ್ಟು ಹೋದ. ಪಡಸಾಲ್ಯಾಗ ಕ್ರಿಕೆಟ್ ನೋಡೋರಿಗೆ ಭೇಷ್ ಆತು. ಅಡಗಿಮನ್ಯಾಗ ನನ್ನ ಫೋನಿಗೆ ಒಂದು ಗೆರಿ ಸುದ್ಧಾ ಬರ್ತಿರಲಿಲ್ಲ.

ಮಗಳು ಪುಣಾದಾಗ ಇರ್ತಾಳ, ಆಗ ಏಳು ತಿಂಗಳ ಬಸರಿ. ಆಕಿ ಆಫೀಸ್ ಮುಗಿಸಿ ವಿಡಿಯೋ ಕಾಲ್ ಮಾಡೋ ಹೊತ್ತಿಗೆ ನಾ ರೊಟ್ಟಿ ಬಡೀತಿರ್ತೀನಿ. ಒಂದಿನ "ಅವ್ವಾ, ಕಾಲು ಬಾ..." ಅಂದದ್ದಷ್ಟ ಕೇಳಿಸ್ತು, ಆಕಿ ಮುಖ ಹಂಗ ನಿಂತುಬಿಡ್ತು. ಹಂಚು ಇಳಿಸಿ ಹಿತ್ತಲಕ್ಕ ಓಡಿ ಸಾದಾ ಫೋನ್ ಹಚ್ಚಿದ ಮ್ಯಾಲ ತಿಳೀತು, ಕಾಲು ಬಾತಾವ ಅಂತ. ಮದಲ ಡಾಕ್ಟರ್ ಕಡೆ ಹೋಗಿ ಬಿಪಿ ನೋಡಿಸ್ಕೊ ಅಂದೆ. ದೇವರ ದಯೆ, ಎಲ್ಲಾ ಸರಿ ಇತ್ತು. ಆದ್ರ ನನ್ನ ಎದಿ ಬಡಿತ ನಿಂದ್ರಲಿಕ್ಕೆ ರಾತ್ರಿ ಹನ್ನೆರಡಾತು.

ಮನ್ಯಾಗ ಹೇಳಿದ್ರ ಏನು ಉತ್ತರ ಬಂತು ಗೊತ್ತದ ಏನ್ರೀ? "ನಿನ್ನ ಫೋನ್ ಹಳೇದದ." ಆಮ್ಯಾಲ ನನ್ನ ಒಂದು ಮಾತು ಕೇಳದ, ಅಂಗಡಿಯಿಂದ ನಾಕು ಕೋಡಿನ ತುಟ್ಟಿ ರೂಟರ್ ತಂದ್ರು. ಎಲ್ಲೆ ಇಟ್ರು? ಅದ ತಿಜೋರಿ ಬಾಜೂಕ!

ಡಬ್ಬಿ ಮ್ಯಾಲ 1200 ಅಂತ ದೊಡ್ಡ ಅಕ್ಷರದಾಗ ಬರದಿತ್ತು. ಆ ಲೆಕ್ಕ ನಾ ಕೂತು ಬಿಡಿಸಿ ನೋಡಿದೆ. ರೂಟರಿನಾಗ ಎರಡು ಅಲೆ ಇರ್ತಾವ. 2.4 ಗಿಗಾಹರ್ಟ್ಸಿಂದು 300, 5 ಗಿಗಾಹರ್ಟ್ಸಿಂದು 867, ಎರಡೂ ಕೂಡಿಸಿ ಮ್ಯಾಲಷ್ಟು ಏರಿಸಿ 1200 ಅಂತಾರ. ಒಂದು ಫೋನಿಗೆ ಎರಡೂ ಕೂಡಿ ಬರಂಗಿಲ್ಲ. ಮ್ಯಾಲ ನಾವು ರೊಕ್ಕ ಕೊಡೋದು 50 ಎಂಬಿಪಿಎಸ್‌ಗೆ. ನಳಾ ಸಣ್ಣಗ ಬರ್ತಿದ್ರ ಕೆಳಗ ದೊಡ್ಡ ಹಂಡೆ ಇಟ್ರ ನೀರು ಹೆಚ್ಚು ಬರ್ತದೇನು?

5ರ ಅಲೆ ಭಾಳ ಜೋರು, ಆದ್ರ ದಪ್ಪ ಗ್ವಾಡಿ ಕಂಡ್ರ ಸೋತುಬಿಡ್ತದ. 2.4ರದು ನಿಧಾನ, ಆದ್ರ ಗ್ವಾಡಿ ದಾಟಿ ದೂರ ಬರ್ತದ. ಅದಕ್ಕೂ ಒಂದು ಪೀಡಾ ಅದ. ಮೈಕ್ರೋವೇವ್ ಒಲಿ ಕೆಲಸ ಮಾಡೋದೂ ಅದ 2.4ರ ಆಸುಪಾಸಿನಾಗ. ಒಲಿ ಹಚ್ಚಿದಾಗ ಬಾಜೂಕಿನ ಫೋನ್ ತಡವರಿಸ್ತದ. ಇನ್ನ ಕಬ್ಬಿಣದ ತಿಜೋರಿ, ದೊಡ್ಡ ಕನ್ನಡಿ ಅಲೆಯನ್ನ ತಿರುಗಿಸಿ ಹೊಡೀತಾವ, ತುಂಬಿದ ನೀರಿನ ಟಾಕಿ ಅದನ್ನ ನುಂಗ್ತದ. ಕೋಡು ನಾಕಿರಲಿ, ಎಂಟಿರಲಿ, ತಿಜೋರಿ ಮರೀಗೆ ಕೂಡಿಸಿದ್ರ ಅವು ಏನು ಮಾಡ್ಬೇಕು?

ಕಡೀಕ ಮೈದುನನ ಮಗನ್ನ ಕರಿಸಿದೆ. ನನ್ನ ರೊಕ್ಕದಾಗ ಹದಿನೈದು ಮೀಟರ್ ಲ್ಯಾನ್ ಕೇಬಲ್ ತರಿಸಿದೆ. ಕಂಪನಿ ಡಬ್ಬಿ ಇದ್ದಲ್ಲೇ ಇರಲಿ ಅಂತ ಬಿಟ್ಟು, ಅದರಿಂದ ನಡುಮನಿಗೆ ವೈರ್ ಎಳಸಿ, ಅಡಗಿಮನಿ ಬಾಗಲದ ಮ್ಯಾಲಿನ ಗೂಡಿನಾಗ ಹೊಸಾ ರೂಟರ್ ಇಡಿಸಿದೆ. ಅದನ್ನ ಆಕ್ಸೆಸ್ ಪಾಯಿಂಟ್ ಅಂತ ಹೊಂದಿಸಿಕೊಟ್ಟ. ಅವತ್ತ ಸಂಜಿಮುಂದ ರೊಟ್ಟಿ ಬಡಕೋತ ಮಗಳ ಜೋಡಿ ಪೂರಾ ಮಾತಾಡಿದೆ. ಫೋನ್ ಅದ, ಹಳೇದು!

"ಹಂಗಾದ್ರ ತುಟ್ಟಿ ರೂಟರ್ ತಪ್ಪೇನು?" ಅಂತ ಕೇಳ್ತೀರಿ. ತಪ್ಪಲ್ಲ. ಮನಿತುಂಬ ಫೋನು, ಲ್ಯಾಪ್‌ಟಾಪು, ಕ್ಯಾಮೆರಾ ಇದ್ದೋರಿಗೆ ವೈಫೈ 6 ಉಪಯೋಗ ಅದ. ಆದ್ರ ಪೂರಾ ಲಾಭ ಬೇಕಂದ್ರ ಫೋನಿನಾಗೂ ಅದು ಇರಬೇಕು. ತಗೋಳೋವಾಗ ಎರಡೂ ಅಲೆ ಅದಾವೋ, ಡಬ್ಲ್ಯೂಪಿಎ3 ಅದನೋ, ವೈರ್ ಚುಚ್ಚೋ ಪೋರ್ಟ್ ಗಿಗಾಬಿಟ್ಟಿಂದೋ ಬರೇ ನೂರರದ್ದೋ ನೋಡ್ರಿ. ಸಸ್ತಾ ರಿಪೀಟರ್ ಮಾರಲಿಕ್ಕೆ ಬಂದ್ರ ನೆನಪಿಡ್ರಿ, ಒಂದ ಅಲೆಯೊಳಗ ಕೇಳಿ ಅದರಾಗ ತಿರುಗಿ ಹೇಳೋದಕ್ಕ ವೇಗ ಅರ್ಧಾ ಆಗ್ತದ. ವೈರ್ ಎಳಿಯೋದು ಛಂದ ಕಾಣಂಗಿಲ್ಲ, ಆದ್ರ ಕೆಲಸ ಮಾಡ್ತದ.

ನೆಟ್ ಹೋತಂದ್ರ "ಆಫ್ ಮಾಡಿ ಆನ್ ಮಾಡು" ಅಂತ ಆಫೀಸಿನಿಂದ ಫೋನ್ ಬರೋದು ನನಗ. ಅದರ ಧೂಳು ಒರಸೋದು ನಾ. ಪಾಸ್‌ವರ್ಡ್ ಬಂದ ಮಂದಿಗೆ ಹೇಳೋದು ನಾ. ಆರಿಸೋವಾಗ ಮಾತ್ರ ನನಗೇನೂ ತಿಳಿಯಂಗಿಲ್ಲ! ಒಲಿ ಕಟ್ಟಿ ಎಷ್ಟು ಎತ್ತರ ಬೇಕು ಅಂತ ಕೇಳದ ಅಡಗಿಮನಿ ಕಟ್ಟಿಸಿದವರ ವಂಶ ಇದು.

ಅಕ್ಕಂದಿರ, ತಂಗ್ಯಾರ, ಅಂಗಡಿಗೆ ಹೋಗೋಕಿಂತ ಮದಲ ಫೋನ್ ಹಿಡಕೊಂಡು ಮನಿತುಂಬ ಅಡ್ಡಾಡ್ರಿ. ಎಲ್ಲೆ ಗೆರಿ ಬೀಳ್ತಾವ ಬರಕೊಳ್ರಿ. ಆ ಚೀಟಿ ನಿಮ್ಮ ಕೈಯಾಗಿರಲಿ, ಅಂಗಡಿಗೆ ನೀವೂ ಹೋಗ್ರಿ.