ಮಂಡಿಗೆ ಒಳ್ಳೆಯ ಕಾಯಿ, ಮನೆಗೆ ಬೂಷ್ಟು ಕಾಯಿ: ಈ ಪದ್ಧತಿ ಸಲ್ಲದು

ಮಡಕಶಿರಾ, ರಾಯದುರ್ಗ, ಆದವಾನಿ ಸೀಮೆಯ ರೈತ ಬಂಧುಗಳಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕಾಗಿದೆ. ಕಡಲೆಕಾಯಿ ಕಿತ್ತು ಒಣಗಿಸಿದ ಮೇಲೆ ದಪ್ಪ ಕಾಯಿ ಮಂಡಿಗೆ ಹೋಗುತ್ತದೆ. ಜೊಳ್ಳು, ಒಡಕಲು, ಕಪ್ಪುಗಟ್ಟಿದ್ದು ಮನೆಯ ಚಟ್ನಿಗೂ ದನದ ಮೇವಿಗೂ ಉಳಿಯುತ್ತದೆ. ದುಡ್ಡಿನ ಲೆಕ್ಕಕ್ಕೆ ಇದು ಜಾಣತನವೆಂದು ತೋರೀತು. ದೇಹದ ಲೆಕ್ಕಕ್ಕೆ ದೊಡ್ಡ ನಷ್ಟವೆಂಬುದೇ ನಮ್ಮ ಅಭಿಪ್ರಾಯ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಅವುಗಳ ಮೇವಿನಲ್ಲಿ ಬ್ರೆಜಿಲ್ ದೇಶದ ಕಡಲೆಕಾಯಿ ಹಿಂಡಿ ಇತ್ತು. ಅದಕ್ಕೆ ಹತ್ತಿದ ಬೂಷ್ಟು ಹುಟ್ಟಿಸಿದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಹೆಚ್ಚಾಗಿ ತಿಂದರೆ ಹೀಗೆ. ಚೂರುಚೂರೇ ತಿನ್ನುತ್ತ ಹೋದರೆ ಎಷ್ಟೋ ವರ್ಷಗಳ ಮೇಲೆ ಈಲಿಯ ಕ್ಯಾನ್ಸರ್ ಬರಬಹುದು.

"ತಿಂದದ್ದನ್ನು ಅರಗಿಸಿಕೊಳ್ಳುವ ಶಕ್ತಿ ರೈತನ ಮೈಗುಂಟು" ಎನ್ನುವವರಿದ್ದಾರೆ. ಈ ಮಾತು ಅರ್ಧ ನಿಜ. ಈಲಿ, ಅಂದರೆ ಯಕೃತ್ತು, ಮೈಯ ವಿಷ ತೊಳೆಯುವ ಮನೆ. ಅಲ್ಲಿ ಕಿಣ್ವಗಳೆಂಬ ಆಳುಗಳಿವೆ. ಮೊದಲನೆಯ ಆಳು ವಿಷವನ್ನು ಬಿಚ್ಚುತ್ತಾನೆ. ಬಿಚ್ಚುವಾಗ ಅದು ಇನ್ನೂ ಹರಿತವಾಗುತ್ತದೆ. ಎರಡನೆಯವನು ಅದಕ್ಕೆ ಗ್ಲುಟಾಥಯೋನ್ ಎಂಬ ವಸ್ತುವನ್ನು ಕಟ್ಟಿ, ಹಲ್ಲು ಕಿತ್ತು ಹೊರಗೆ ಕಳಿಸುತ್ತಾನೆ. ಬಲಿತ ಸುಂಡಿಲಿಯಲ್ಲಿ ಈ ಎರಡನೆಯವನು ಬಹಳ ಚುರುಕು. ಅದಕ್ಕೆ ಈ ವಿಷ ಅಷ್ಟಾಗಿ ನಾಟದು. ಟರ್ಕಿ ಕೋಳಿಯಲ್ಲಿ ಅವನು ಇದ್ದೂ ಇಲ್ಲದಂತೆ. ಮನುಷ್ಯನಲ್ಲಿಯೂ ಮಂದವೇ.

ತಪ್ಪಿಸಿಕೊಂಡ ವಿಷ ಜೀವಕೋಶದೊಳಗಿನ ಡಿ.ಎನ್.ಎ. ಎಂಬ ತಂತುವಿಗೆ ಅಂಟಿ ಅಲ್ಲಿನ ಬರಹವನ್ನು ಕೆಡಿಸುತ್ತದೆ. ಈಲಿಗೆ ಮತ್ತೆ ಬೆಳೆಯುವ ಗುಣವುಂಟು. ಮೂರರಲ್ಲಿ ಎರಡು ಪಾಲು ಕೊಯ್ದು ತೆಗೆದರೂ ಉಳಿದದ್ದು ಬೆಳೆದು ತುಂಬಿಕೊಳ್ಳುತ್ತದೆ. ಆದರೆ ಈ ರಿಪೇರಿಯಲ್ಲಿ ಬರಹ ಕೆಟ್ಟ ಕೋಶವೂ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಹೆಪಟೈಟಿಸ್ ಬಿ ಸೋಂಕು ತಗುಲಿದವರ ಈಲಿ ಪದೇಪದೇ ರಿಪೇರಿಗೆ ಬೀಳುವುದರಿಂದ ಅವರಿಗೆ ಅಪಾಯ ಅನೇಕ ಪಟ್ಟು. ಇನ್ನೊಂದು ವಿಚಿತ್ರವೇನೆಂದರೆ, ಕ್ಯಾನ್ಸರ್ ಕೋಶ ಒಮ್ಮೆ ಬೆಳೆದರೆ ಇವೇ ಕಿಣ್ವಗಳನ್ನು ಗುರಾಣಿ ಮಾಡಿಕೊಂಡು, ವೈದ್ಯರು ಕೊಟ್ಟ ಔಷಧಿಯನ್ನೂ ತೊಳೆದುಹಾಕುವುದುಂಟು. ಆದುದರಿಂದ ಈಲಿ ತೊಳೆಯುವ ಟಾನಿಕ್ಕೆಂದು ಮಾರುವ ಸೀಸೆಯನ್ನು ನಂಬಿ ಕೂರುವುದು ತರವಲ್ಲ.

ತೊಳೆಯುವ ಕೆಲಸ ಕಣದಲ್ಲೇ ಆಗಬೇಕು. ಅಲುಗಿಸಿದರೆ ಬೀಜ ಗಲಗಲ ಎನ್ನುವವರೆಗೆ ಕಾಯಿ ಒಣಗಲಿ. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಸುಲಿದ ಮೇಲೆ ಕಪ್ಪು, ಸುಕ್ಕು, ಬೂಷ್ಟಿನ ಬೀಜವನ್ನು ಕೈಯಿಂದ ಆರಿಸಿ ಹೂತುಬಿಡಿ. ಹುರಿದರೆ ವಿಷ ಪೂರ್ತಿ ಹೋಗದು. ಗಾಣಕ್ಕೂ ಬೇಡ, ದನಕ್ಕೂ ಬೇಡ. ಹಸು ತಿಂದರೆ ವಿಷದ ಒಂದಂಶ ಹಾಲಿಗಿಳಿದು ಮಗುವಿನ ಲೋಟಕ್ಕೆ ಬರುತ್ತದೆ. ಬೆಳೆಯ ಕೊನೆಗಾಲದಲ್ಲಿ ಮಳೆ ಕೈಕೊಟ್ಟ ವರ್ಷ ಬೂಷ್ಟು ನೆಲದೊಳಗೇ ಕಾಯಿಗೆ ಹತ್ತುತ್ತದೆ. ಆಗ ಇಮ್ಮಡಿ ಎಚ್ಚರ ಬೇಕು. ಹುಟ್ಟಿದ ಕೂಸಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ.

ಬರದ ಸೀಮೆಯಲ್ಲಿ ಕಾಳು ಚೆಲ್ಲುವುದು ಎಷ್ಟು ಸಂಕಟವೆಂಬುದನ್ನು ಬಲ್ಲೆವು. ಆದರೂ ಹೇಳುತ್ತೇವೆ: ಚೀಲಕ್ಕೆ ಒಂದೆರಡು ಸೇರು ಹೋದರೆ ಹೋಗಲಿ. ಮಂಡಿಯವನು ಬೇಡವೆಂದ ಕಾಯಿ ನಮ್ಮ ಮಕ್ಕಳಿಗೂ ಬೇಡ.